‘ಬ್ರದರ್ಸ್ ಇನ್ ಆರ್ಮ್ಸ್’: 40 ವರ್ಷ ಆದರೂ ಈ ಆಲ್ಬಮ್ ಯಾಕೆ ಹಳತಾಗಿಲ್ಲ?

ಈ ಆಲ್ಬಮ್ ನಾನು ಮೊದಲು ಕೇಳಿದ್ದು ಮೈಸೂರಿನ ಒಂದು ಹಾಸ್ಟೆಲ್ ರೂಮಿನಲ್ಲಿ. ಸೀನಿಯರ್ ಒಬ್ಬರ ಹತ್ತಿರ ಟೇಪ್ ರೆಕಾರ್ಡರ್ ಇತ್ತು. ಕ್ಯಾಸೆಟ್ ಅಂಗಡಿಯಿಂದ ತಂದದ್ದಲ್ಲ. ಯಾರೋ ಕೊಂಡಿದ್ದ ಕ್ಯಾಸೆಟ್‌ನಿಂದ ಇನ್ಯಾರೋ ತುಂಬಿಸಿಕೊಂಡು, ಅವರಿಂದ ಇವರು ತುಂಬಿಸಿಕೊಂಡದ್ದು. ಮೇಲೆ ಬಾಲ್ ಪೆನ್ನಿನಲ್ಲಿ ‘ಡೈರ್ ಸ್ಟ್ರೇಟ್ಸ್’ ಅಂತ ಮಾತ್ರ ಬರೆದಿತ್ತು, ಹಾಡುಗಳ ಹೆಸರಿರಲಿಲ್ಲ. ಪ್ಲೇ ಬಟನ್ ಒತ್ತಿದರೆ ಮೊದಲು ಬರುತ್ತಿದ್ದದ್ದು ಹಾಡಲ್ಲ, ‘ಸ್ಸ್ಸ್’ ಅನ್ನುವ ಸದ್ದು. ಕಾದ ದೋಸೆಕಲ್ಲಿನ ಮೇಲೆ ನೀರು ಚಿಮುಕಿಸಿದಾಗ ಬರುತ್ತಲ್ಲ, ಆ ಥರದ್ದು. ಆ ಸದ್ದಿನ ಹಿಂದೆ ಎಲ್ಲೋ ಒಂದು ಗಿಟಾರ್ ಇತ್ತು. ಅಷ್ಟಕ್ಕೇ ನಾವೆಲ್ಲ ಸುಮ್ಮನೆ ಕೂತು ಕೇಳುತ್ತಿದ್ದೆವು.

ಎಷ್ಟೋ ವರ್ಷದ ಮೇಲೆ ಅದೇ ಆಲ್ಬಮ್ ಸಿಡಿಯಲ್ಲಿ ಸಿಕ್ಕಿತು. ಕೊನೆಯ ಹಾಡು ಶುರುವಾಗುವಾಗ ದೂರದಲ್ಲಿ ಗುಡುಗು ಉರುಳಿತು. ಇದು ನಮ್ಮ ಕ್ಯಾಸೆಟ್‌ನಲ್ಲಿ ಇರಲೇ ಇಲ್ಲವಲ್ಲ ಅಂದುಕೊಂಡೆ. ಇದ್ದೇ ಇತ್ತು. ಆ ಚಿಕ್ಕ ಸ್ಪೀಕರಿಗೆ ಅಷ್ಟು ಕೆಳಗಿನ ಸ್ವರ ಹೊರಡಿಸುವ ಶಕ್ತಿ ಇರಲಿಲ್ಲ. ಉಳಿದ ಸಣ್ಣ ಸದ್ದುಗಳನ್ನೆಲ್ಲ ಆ ‘ಸ್ಸ್ಸ್’ ನುಂಗಿ ಹಾಕಿತ್ತು.

1985ರ ಮೇ ತಿಂಗಳಲ್ಲಿ ಬಂದ ಒಂದು ರಾಕ್ ಆಲ್ಬಮ್ ಬಗ್ಗೆ ಈಗ ಬರೆಯೋದಕ್ಕೆ ಈ ಗುಡುಗೇ ಕಾರಣ. ‘ಬ್ರದರ್ಸ್ ಇನ್ ಆರ್ಮ್ಸ್’ ಜಗತ್ತಿನಾದ್ಯಂತ ಸುಮಾರು 3 ಕೋಟಿ ಪ್ರತಿ ಮಾರಾಟವಾಗಿದೆ. ಬ್ರಿಟನ್ನಿನಲ್ಲಿ 14 ವಾರ, ಅಮೆರಿಕದಲ್ಲಿ 9 ವಾರ, ಆಸ್ಟ್ರೇಲಿಯಾದಲ್ಲಿ 34 ವಾರ ಮೊದಲ ಸ್ಥಾನದಲ್ಲಿತ್ತು. ಅಷ್ಟೇ ಮಾರಾಟವಾದ ಬೇರೆ ಆಲ್ಬಮ್‌ಗಳೂ ಇವೆ, ಅವುಗಳಲ್ಲಿ ಎಷ್ಟೋ ಇವತ್ತು ಕೇಳಿದರೆ ಹಳೇ ಫೋಟೋ ನೋಡಿದ ಹಾಗಾಗುತ್ತದೆ. ಇದು ಹಾಗಾಗಲ್ಲ. ಹೊಸ ಸ್ಪೀಕರ್ ತಂದವರು ಪರೀಕ್ಷೆ ಮಾಡೋಕೆ ಈಗಲೂ ಇದನ್ನೇ ಹಾಕುತ್ತಾರೆ. ಯಾಕೆ ಅಂತ ಕೇಳಿದರೆ ‘ರೆಕಾರ್ಡಿಂಗ್ ಚೆನ್ನಾಗಿದೆ’ ಅಂತಾರೆ. ಮಾತು ನಿಜ. ಆದರೆ ರೆಕಾರ್ಡಿಂಗ್ ಚೆನ್ನಾಗಿದೆ ಅಂದರೆ ಏನು? ಅದನ್ನು ಬಿಡಿಸಿ ಹೇಳೋದಕ್ಕೆ ಸ್ವಲ್ಪ ವಿಜ್ಞಾನವೂ ಬೇಕು, ಕೈಬೆರಳಿನ ಕಥೆಯೂ ಬೇಕು.

ಮೊದಲು ಇವರು ಯಾರು ಅಂತ ಹೇಳಿಬಿಡುತ್ತೇನೆ. ಡೈರ್ ಸ್ಟ್ರೇಟ್ಸ್ 1977ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಬ್ಯಾಂಡ್. ಹೆಸರಿನ ಅರ್ಥ ‘ತುಂಬಾ ಕಷ್ಟದ ಪರಿಸ್ಥಿತಿ’. ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ ಇಟ್ಟುಕೊಂಡ ಹೆಸರು. ಹಾಡು ಬರೆಯುವುದು, ಹಾಡುವುದು, ಮುಖ್ಯ ಗಿಟಾರ್ ನುಡಿಸುವುದು ಎಲ್ಲ ಮಾರ್ಕ್ ನಾಫ್ಲರ್. ಗ್ಲಾಸ್ಗೋದಲ್ಲಿ ಹುಟ್ಟಿ, ಇಂಗ್ಲೆಂಡಿನ ಉತ್ತರದಲ್ಲಿ ನ್ಯೂಕಾಸಲ್ ಹತ್ತಿರ ಬೆಳೆದವರು. ಬ್ಯಾಂಡ್ ಕಟ್ಟುವ ಮೊದಲು ಪತ್ರಿಕೆಯೊಂದರಲ್ಲಿ ವರದಿಗಾರರಾಗಿದ್ದರು, ಆಮೇಲೆ ಮೇಷ್ಟ್ರಾಗಿದ್ದರು. ಬೇರೆಯವರ ಮಾತಿಗೆ ಕಿವಿ ಕೊಡುವ ಆ ಅಭ್ಯಾಸ ಮುಂದೆ ಕೆಲಸಕ್ಕೆ ಬರುತ್ತದೆ. ಬೇಸ್ ಗಿಟಾರ್ ಜಾನ್ ಇಲ್ಸ್ಲಿ ಅವರದು. ಕೀಬೋರ್ಡ್‌ಗೆ ಅಲನ್ ಕ್ಲಾರ್ಕ್ ಮತ್ತು ಗೈ ಫ್ಲೆಚರ್ ಇಬ್ಬರು. ಇದು ಬ್ಯಾಂಡಿನ ಐದನೇ ಆಲ್ಬಮ್.

ಧ್ವನಿಮುದ್ರಣ ಬಹುಪಾಲು ನಡೆದದ್ದು ಕೆರಿಬಿಯನ್ ಸಮುದ್ರದ ಮಾಂಟ್‌ಸೆರಾಟ್ ಅನ್ನುವ ಪುಟ್ಟ ದ್ವೀಪದಲ್ಲಿ. ಇಡೀ ದ್ವೀಪದ ವಿಸ್ತೀರ್ಣ ಸುಮಾರು 100 ಚದರ ಕಿಲೋಮೀಟರ್ ಅಷ್ಟೇ. ಬೀಟಲ್ಸ್‌ನ ನಿರ್ಮಾಪಕ ಜಾರ್ಜ್ ಮಾರ್ಟಿನ್ 1979ರಲ್ಲಿ ಅಲ್ಲಿ ‘ಏರ್’ ಅನ್ನುವ ಸ್ಟುಡಿಯೋ ತೆರೆದಿದ್ದರು. 1984ರ ಕೊನೆಗೆ ಡೈರ್ ಸ್ಟ್ರೇಟ್ಸ್ ಅಲ್ಲಿಗೆ ಹೋಯಿತು. ಜೊತೆಗೆ ನೀಲ್ ಡಾರ್ಫ್ಸ್‌ಮನ್ ಇದ್ದರು. ನಾಫ್ಲರ್ ಜೊತೆ ಸೇರಿ ಆಲ್ಬಮ್ ನಿರ್ಮಾಣ ಮಾಡಿದವರು, ಧ್ವನಿಮುದ್ರಣದ ಎಂಜಿನಿಯರ್ ಕೂಡ ಅವರೇ. ಇವರ ಹತ್ತಿರ ಆಗಿನ ಕಾಲಕ್ಕೆ ಹೊಚ್ಚ ಹೊಸದಾದ ಒಂದು ಯಂತ್ರ ಇತ್ತು: ಸೋನಿ ಕಂಪನಿಯ 24 ಟ್ರ್ಯಾಕ್ ಡಿಜಿಟಲ್ ಟೇಪ್ ಮೆಷೀನ್. ಅಂದರೆ 24 ಸದ್ದುಗಳನ್ನು ಬೇರೆ ಬೇರೆಯಾಗಿ ಮುದ್ರಿಸಿಕೊಳ್ಳುವಂಥದ್ದು.

ಇಲ್ಲಿ ಸ್ವಲ್ಪ ನಿಲ್ಲೋಣ. ಡಿಜಿಟಲ್ ಅನ್ನುವ ಪದವನ್ನು ದಿನಕ್ಕೆ ಹತ್ತು ಸಲ ಬಳಸುತ್ತೇವೆ. ಹಾಡಿನ ವಿಷಯದಲ್ಲಿ ಅದು ಏನು ಮಾಡುತ್ತದೆ ಅನ್ನೋದು ಎಷ್ಟೋ ಜನಕ್ಕೆ ಸ್ಪಷ್ಟ ಇರಲ್ಲ.

ಶಬ್ದ ಅಂದರೆ ಗಾಳಿಯ ಅಲುಗಾಟ. ಮೈಕ್ ಆ ಅಲುಗಾಟವನ್ನು ವಿದ್ಯುತ್ತಿನ ಏರಿಳಿತ ಮಾಡಿ ಕೊಡುತ್ತದೆ. ಹಳೇ ಟೇಪಿನಲ್ಲಿ ಆ ಏರಿಳಿತವನ್ನು ಹಾಗೇ ಕಾಂತೀಯ ಗುರುತಾಗಿ ಅಚ್ಚು ಹೊಡೆಯುತ್ತಾರೆ. ಟೇಪ್ ಮೇಲೆ ಬಳಿದಿರುವುದು ಲೋಹದ ಆಕ್ಸೈಡಿನ ಸಣ್ಣ ಸಣ್ಣ ಕಣಗಳು. ಅವು ಎಷ್ಟೇ ನಯವಾಗಿದ್ದರೂ ಕಣಗಳೇ ಅಲ್ವಾ? ಆ ತರಿತರಿಯೇ ನಮಗೆ ‘ಸ್ಸ್ಸ್’ ಅಂತ ಕೇಳುವುದು. ಇದಕ್ಕೆ ಹಿಸ್ ಅಂತಾರೆ. ಪ್ರತಿ ಸಲ ಕಾಪಿ ಮಾಡಿದಾಗಲೂ ಹಳೇ ಹಿಸ್ ಮೇಲೆ ಹೊಸ ಹಿಸ್ ಸೇರುತ್ತದೆ. ರಂಗೋಲಿಯ ಮೇಲೆ ತೆಳು ಕಾಗದ ಇಟ್ಟು ಒಬ್ಬರು ತಿದ್ದಿ, ಅದರ ಮೇಲೆ ಇನ್ನೊಬ್ಬರು ತಿದ್ದಿ, ಹತ್ತನೆಯವರ ಕೈಗೆ ಬರುವಾಗ ಗೆರೆ ಎಲ್ಲೋ ಹೋಗಿರುತ್ತದೆ. ನಮ್ಮ ಹಾಸ್ಟೆಲ್ ಕ್ಯಾಸೆಟ್ಟಿನ ಪಾಡು ಅದೇ ಆಗಿತ್ತು.

ಡಿಜಿಟಲ್ ಯಂತ್ರ ಚಿತ್ರ ಬಿಡಿಸಲ್ಲ, ಲೆಕ್ಕ ಬರೆಯುತ್ತದೆ. ಅಣೆಕಟ್ಟಿನಲ್ಲಿ ನೀರಿನ ಮಟ್ಟ ನೋಡೋಕೆ ಅಡಿ, ಅಂಗುಲ ಬರೆದ ಕಂಬ ಇರುತ್ತದಲ್ಲ? ಗಂಟೆಗೊಮ್ಮೆ ನೋಡಿ ರಿಜಿಸ್ಟರಿನಲ್ಲಿ ಅಂಕಿ ಬರೆಯುತ್ತಾರೆ. ಇದೂ ಹಾಗೇ. ವ್ಯತ್ಯಾಸ ಅಂದರೆ ಸಿಡಿಯ ಲೆಕ್ಕದಲ್ಲಿ ಒಂದು ಸೆಕೆಂಡಿಗೆ 44,100 ಸಲ ಅಳೆದು ಬರೆಯುತ್ತಾರೆ. ಅಳತೆ ಕಂಬದ ಮೇಲೆ 65,536 ಗೀಟುಗಳಿರುತ್ತವೆ. 16 ಬಿಟ್ ಅಂತಾರಲ್ಲ, ಅದು ಇದೇ. ಈ ರಿಜಿಸ್ಟರನ್ನು ಎಷ್ಟು ಸಲ ನಕಲು ಮಾಡಿದರೂ 27 ಅನ್ನೋದು 27 ಆಗೇ ಇರುತ್ತದೆ. ಹಿಸ್ ಸೇರುವುದಕ್ಕೆ ಅವಕಾಶವೇ ಇಲ್ಲ.

44,100 ಯಾಕೆ? ಮನುಷ್ಯರ ಕಿವಿಗೆ ಸೆಕೆಂಡಿಗೆ ಹೆಚ್ಚೆಂದರೆ 20,000 ಸಲ ಕಂಪಿಸುವ ಸ್ವರದ ತನಕ ಕೇಳುತ್ತದೆ. ಒಂದು ಅಲೆಯನ್ನು ಮತ್ತೆ ಸರಿಯಾಗಿ ಕಟ್ಟಬೇಕಾದರೆ ಅದರ ಎರಡರಷ್ಟಕ್ಕಿಂತ ಜಾಸ್ತಿ ಸಲ ಅಳೆದಿರಬೇಕು. ಅದಕ್ಕೇ 40,000ಕ್ಕಿಂತ ಸ್ವಲ್ಪ ಮೇಲೆ. ಡಿಜಿಟಲ್ ಶಬ್ದ ಮೆಟ್ಟಿಲು ಮೆಟ್ಟಿಲಾಗಿರುತ್ತದೆ, ನಡುವೆ ಏನೋ ಕಳೆದುಹೋಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಇದು ತಪ್ಪು. ಆ ಅಂಕಿಗಳ ಮೂಲಕ ಹಾದುಹೋಗುವ, ಕಿವಿಗೆ ಕೇಳುವ ಮಿತಿಯೊಳಗಿನ ಅಲೆ ಒಂದೇ ಒಂದು ಇರಲು ಸಾಧ್ಯ. ಹಾಡು ನುಡಿಸುವಾಗ ಯಂತ್ರ ಆ ನುಣುಪಾದ ಅಲೆಯನ್ನೇ ವಾಪಸ್ ಕಟ್ಟುತ್ತದೆ. ಗಣಿತ ಇದನ್ನು ಸಾಧಿಸಿ ತೋರಿಸಿ ಎಷ್ಟೋ ಕಾಲವಾಯಿತು.

ಇನ್ನು ಮುಖ್ಯ ವಿಷಯ. ಪ್ರತಿಯೊಂದು ಧ್ವನಿಮುದ್ರಣಕ್ಕೂ ಒಂದು ಸೂರು, ಒಂದು ನೆಲ ಇರುತ್ತದೆ. ಸೂರು ಅಂದರೆ ಶಬ್ದ ಒಡೆಯದೆ ಎಷ್ಟು ಜೋರಾಗಬಹುದು ಅನ್ನೋದು. ನೆಲ ಅಂದರೆ ಹಿಸ್. ಅದಕ್ಕಿಂತ ಮೆಲ್ಲಗಿನದ್ದು ಏನಿದ್ದರೂ ಅದರಲ್ಲಿ ಹೂತುಹೋಗುತ್ತದೆ. ಸಂಗೀತ ಬದುಕಬೇಕಾದದ್ದು ಈ ಎರಡರ ಮಧ್ಯೆ. ಸಾಧಾರಣ ಕ್ಯಾಸೆಟ್‌ನಲ್ಲಿ ಆ ಎತ್ತರ ಸುಮಾರು 50 ಡೆಸಿಬಲ್. ಸಿಡಿಯಲ್ಲಿ ಸುಮಾರು 96. ಸೂರು ಅಲ್ಲೇ ಇದೆ, ನೆಲ ಮಾತ್ರ ಎಷ್ಟೋ ಅಡಿ ಕೆಳಗೆ ಹೋಗಿದೆ. ಗುಡಿಸಲಲ್ಲಿ ಬಗ್ಗಿ ನಿಂತವನು ತೊಟ್ಟಿಮನೆಯ ಅಂಗಳಕ್ಕೆ ಬಂದ ಹಾಗೆ.

ಡಿಜಿಟಲ್‌ನಲ್ಲಿ ಮುದ್ರಣ ಮಾಡಿದವರಲ್ಲಿ ಇವರೇ ಮೊದಲಿಗರಲ್ಲ. ಅಮೆರಿಕದ ಸಂಗೀತಗಾರರಾದ ರೈ ಕೂಡರ್ 1979ರಲ್ಲೇ, ಡೊನಾಲ್ಡ್ ಫೇಗನ್ 1982ರಲ್ಲಿ ಮಾಡಿದ್ದರು. ಇನ್ನೂ ಅನೇಕರು ಮಾಡಿದರು. ಅವುಗಳಲ್ಲಿ ಕೆಲವು ಇವತ್ತು ಕೇಳಿದರೆ ಕಿವಿಗೆ ಚುಚ್ಚುತ್ತವೆ. ಟೇಪ್ ತಾನಾಗೇ ಶಬ್ದದ ಮೊನೆಯನ್ನು ಒಂಚೂರು ಸವೆಸುತ್ತಿತ್ತು, ಎಂಜಿನಿಯರ್‌ಗಳ ಕಿವಿ ಅದಕ್ಕೆ ಒಗ್ಗಿತ್ತು. ಡಿಜಿಟಲ್ ಸವೆಸಲಿಲ್ಲ, ಕೊಟ್ಟದ್ದನ್ನೇ ವಾಪಸ್ ಕೊಟ್ಟಿತು. ಹಾಗಾಗಿ ಒಳಗೆ ಏನು ಕೊಡುತ್ತೀರಿ ಅನ್ನೋದೇ ದೊಡ್ಡದಾಯಿತು. ನಾಫ್ಲರ್ ಮತ್ತು ಡಾರ್ಫ್ಸ್‌ಮನ್ ಆ ಯಂತ್ರಕ್ಕೆ ಕೊಟ್ಟದ್ದು ಹೆಚ್ಚಾಗಿ ಖಾಲಿ ಜಾಗ. ನನ್ನ ಪ್ರಕಾರ ಈ ಆಲ್ಬಮ್ ಉಳಿದದ್ದು ಅದರಿಂದಲೇ.

ಉದಾಹರಣೆಗೆ ‘ವೈ ವರಿ’ ಹಾಡು ಹಾಕಿಕೊಳ್ಳಿ. ರಾತ್ರಿ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಕೇಳಿದರೆ ಇನ್ನೂ ಒಳ್ಳೆಯದು. ಮೆಲುದನಿಯಲ್ಲಿ ಹಾಡುತ್ತಾರೆ, ಸುತ್ತ ಕೆಲವೇ ವಾದ್ಯಗಳು. ಒಂದು ತಂತಿ ಮೀಟಿದರೆ ಅದು ಆರಿಹೋಗುವ ತನಕ ಕಾಯುತ್ತಾರೆ. ಹಾಡು ಮುಗಿಯಿತು ಅನ್ನುವಾಗ ಮಾತಿಲ್ಲದ ಭಾಗ ಶುರುವಾಗಿ ನಿಮಿಷಗಟ್ಟಲೆ ಹರಿಯುತ್ತದೆ. ಯಾರಿಗೂ ಅವಸರ ಇಲ್ಲ. ಹಿಸ್ ತುಂಬಿದ ಟೇಪಿನಲ್ಲಿ ಇಷ್ಟು ಮೆಲ್ಲಗೆ ನುಡಿಸಿದ್ದರೆ ಅರ್ಧ ಕೈಗೆ ಸಿಗುತ್ತಿರಲಿಲ್ಲ.

ಈ ಹಾಡಿನ ಉದ್ದದಲ್ಲೂ ಒಂದು ಕಥೆ ಇದೆ. ಸಿಡಿಯಲ್ಲಿ ‘ವೈ ವರಿ’ ಎಂಟೂವರೆ ನಿಮಿಷ. ಎಲ್‌ಪಿ ರೆಕಾರ್ಡಿನಲ್ಲಿ ಐದೂ ಕಾಲು ನಿಮಿಷದ ಆಸುಪಾಸು. ಯಾಕೆಂದರೆ ಎಲ್‌ಪಿಯ ಒಂದು ಮಗ್ಗುಲಿಗೆ ಸುಮಾರು 22 ನಿಮಿಷ ಹಿಡಿಸಿದರೆ ಚೆನ್ನ. ಜಾಸ್ತಿ ತುರುಕಿದರೆ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕು, ಆಗ ಶಬ್ದವನ್ನೇ ಸಣ್ಣದು ಮಾಡಬೇಕಾಗುತ್ತದೆ. ಬೇಸ್ ಸ್ವರಗಳಂತೂ ಅಗಲವಾದ ಗೆರೆ ಕೇಳುತ್ತವೆ. ಸಿಡಿಯಲ್ಲಿ 74 ನಿಮಿಷದ ಜಾಗ ಇತ್ತು. ಹಾಗಾಗಿ ಸಿಡಿ ಮತ್ತು ಕ್ಯಾಸೆಟ್‌ನಲ್ಲಿ ಸುಮಾರು 55 ನಿಮಿಷದ ಪೂರ್ತಿ ಆಲ್ಬಮ್ ಬಂತು, ಎಲ್‌ಪಿಯಲ್ಲಿ ಹಲವು ಹಾಡುಗಳಿಗೆ ಕತ್ತರಿ ಬಿತ್ತು. ಹಿಸ್ ಎಷ್ಟೇ ಇರಲಿ, ನಮ್ಮ ಹಾಸ್ಟೆಲ್ ಕ್ಯಾಸೆಟ್‌ನಲ್ಲಿ ಹಾಡು ಪೂರ್ತಿ ಇತ್ತು. ಇದು ಗೊತ್ತಾದ ದಿನ ನನಗೆ ತುಂಬಾ ಖುಷಿಯಾಯಿತು.

ಕಾಲವೂ ಕೂಡಿ ಬಂತು ಅನ್ನೋದನ್ನು ಒಪ್ಪಬೇಕು. ಸಿಡಿ ಪ್ಲೇಯರ್ ಮಾರುಕಟ್ಟೆಗೆ ಬಂದದ್ದು 1982ರಲ್ಲಿ, ಮೊದಲು ಜಪಾನಿನಲ್ಲಿ. 1985ರ ಹೊತ್ತಿಗೆ ಯುರೋಪು, ಅಮೆರಿಕದ ಮನೆಗಳಿಗೆ ಅದು ನುಗ್ಗುತ್ತಿತ್ತು. ಫಿಲಿಪ್ಸ್ ಕಂಪನಿ ಸಿಡಿಯನ್ನು ಜನರಿಗೆ ಮುಟ್ಟಿಸಲು ಈ ಬ್ಯಾಂಡಿನ ಪ್ರವಾಸಕ್ಕೆ ಹಣ ಹಾಕಿತು. ಪ್ಲೇಯರ್ ಕೊಂಡವರು ಜೊತೆಗೆ ಈ ಸಿಡಿಯನ್ನೂ ಕೊಂಡರು. 10 ಲಕ್ಷ ಸಿಡಿ ಮಾರಾಟವಾದ ಮೊದಲ ಆಲ್ಬಮ್ ಇದು. ಜಾಹೀರಾತಿನ ಬಲ ಇತ್ತು, ನಿಜ. ಆದರೆ ಜಾಹೀರಾತು ಒಂದು ಸಲ ಕೊಳ್ಳುವಂತೆ ಮಾಡುತ್ತದೆ, 40 ವರ್ಷ ಕೇಳುವಂತೆ ಮಾಡಲ್ಲ.

ಈಗ ಗಿಟಾರಿಗೆ ಬರೋಣ. ‘ಮನಿ ಫಾರ್ ನಥಿಂಗ್’ ಹಾಡಿನ ಆ ಗೊಗ್ಗರು ಗಿಟಾರ್ ಸದ್ದು ಕೇಳಿರುತ್ತೀರಿ. ಮೂಗಿನಲ್ಲಿ ಮಾತಾಡಿದ ಹಾಗೆ, ಗಂಟಲು ಕಟ್ಟಿದವರು ಗದರಿದ ಹಾಗೆ. ಅಮೆರಿಕದ ಝೀಝೀ ಟಾಪ್ ಬ್ಯಾಂಡಿನ ಬಿಲ್ಲಿ ಗಿಬ್ಬನ್ಸ್ ಅವರ ಗಿಟಾರ್ ಸದ್ದಿನ ಥರದ್ದು ನಾಫ್ಲರ್ ಅವರಿಗೆ ಬೇಕಾಗಿತ್ತು. ಗಿಬ್ಸನ್ ಲೆಸ್ ಪಾಲ್ ಗಿಟಾರನ್ನು ಲೇನಿ ಆಂಪ್ಲಿಫೈಯರಿಗೆ ಜೋಡಿಸಿ ನುಡಿಸುತ್ತಾ ಹುಡುಕುತ್ತಿದ್ದರು. ಡಾರ್ಫ್ಸ್‌ಮನ್ ಮೈಕ್‌ಗಳನ್ನು ಇನ್ನೂ ಸರಿಯಾಗಿ ಜೋಡಿಸಿರಲಿಲ್ಲ. ಒಂದು ಮೈಕ್ ಜಾರಿ ನೆಲದ ಕಡೆ ಮುಖ ಮಾಡಿತ್ತು, ಇನ್ನೊಂದು ಸ್ಪೀಕರಿನ ನೇರಕ್ಕೇ ಇರಲಿಲ್ಲ. ಸರಿ ಮಾಡಲು ಹೊರಡುವಷ್ಟರಲ್ಲಿ, ಏನೂ ಮುಟ್ಟಬೇಡಿ ಅನ್ನುವ ಮಾತು ಬಂತು. ಆ ಸದ್ದು ಸಿಕ್ಕೇಬಿಟ್ಟಿತ್ತು. ಆಮೇಲೆ ನ್ಯೂಯಾರ್ಕಿನ ಪವರ್ ಸ್ಟೇಷನ್ ಸ್ಟುಡಿಯೋದಲ್ಲಿ ಅದನ್ನೇ ಮತ್ತೆ ಹೊರಡಿಸಲು ನೋಡಿದರು, ಆಗಲಿಲ್ಲ.

ವಕ್ರ ಮೈಕ್ ಇಷ್ಟೆಲ್ಲ ಮಾಡುವುದು ಹೇಗೆ? ಕಲ್ಯಾಣಿಯ ನೀರಿಗೆ ಒಟ್ಟಿಗೆ ಎರಡು ಕಲ್ಲು ಎಸೆದು ನೋಡಿ. ಎರಡು ಅಲೆ ಸೇರಿದ ಜಾಗದಲ್ಲಿ ಕೆಲವು ಕಡೆ ನೀರು ಇನ್ನೂ ಎತ್ತರ ಏಳುತ್ತದೆ, ಕೆಲವು ಕಡೆ ಎರಡೂ ಒಂದನ್ನೊಂದು ಅಳಿಸಿ ನೀರು ಸುಮ್ಮನಿರುತ್ತದೆ. ಎರಡು ಮೈಕ್ ಬೇರೆ ಬೇರೆ ದೂರದಲ್ಲಿದ್ದರೆ ಒಂದೇ ಸದ್ದು ಎರಡು ಹೊತ್ತಿಗೆ ಬಂದು ಸೇರುತ್ತದೆ. ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಒಂದು ಮೈಕ್ 17 ಸೆಂಟಿಮೀಟರ್ ಹಿಂದಿದೆ ಅಂತಿಟ್ಟುಕೊಳ್ಳಿ. ಅಂದರೆ ಒಂದು ಗೇಣಿಗಿಂತಲೂ ಕಡಿಮೆ. ಆಗ ಸೆಕೆಂಡಿಗೆ 1,000 ಸಲ ಕಂಪಿಸುವ ಸ್ವರ ಅರ್ಧ ಅಲೆಯಷ್ಟು ತಡವಾಗಿ ತಲುಪಿ ಅಳಿಸಿಹೋಗುತ್ತದೆ. 2,000ದ್ದು ಪೂರ್ತಿ ಒಂದು ಅಲೆ ತಡವಾಗಿ ಇನ್ನೂ ಗಟ್ಟಿಯಾಗುತ್ತದೆ. 3,000ದ್ದು ಮತ್ತೆ ಅಳಿಯುತ್ತದೆ. ಹೀಗೆ ಸ್ವರದ ಮೈಮೇಲೆ ಬಾಚಣಿಗೆ ಎಳೆದ ಹಾಗೆ ಹಲ್ಲು ಹಲ್ಲು ಗುರುತು ಬೀಳುತ್ತದೆ. ಮೈಕ್ ಅರ್ಧ ಅಂಗುಲ ಸರಿದರೆ ಹಲ್ಲುಗಳ ಜಾಗ ಬದಲಾಯಿತು, ಸದ್ದು ಬೇರೆ ಆಯಿತು. ಜೊತೆಗೆ ವಾ ವಾ ಪೆಡಲನ್ನು (ಕಾಲಿನಿಂದ ಒತ್ತಿ ಗಿಟಾರಿನ ದನಿ ಬದಲಿಸುವ ಸಾಧನ) ಒಂದೇ ಜಾಗದಲ್ಲಿ ಒತ್ತಿ ನಿಲ್ಲಿಸಿದ್ದರಿಂದ ನಡುವಿನ ಕೆಲವು ಸ್ವರಗಳು ಮೂಗಿನಿಂದ ಬಂದ ಹಾಗೆ ಎದ್ದು ನಿಂತವು. ಆ ರೂಮು, ಆ ನೆಲ, ಆ ಮೈಕ್ ಬಾಗಿದ ಕೋನ, ಎಲ್ಲ ಒಟ್ಟಿಗೆ ಸಿಕ್ಕಿದ್ದು ಒಂದೇ ಸಲ.

ಬೆರಳಿನ ಮಾತು ಬಾಕಿ ಇದೆ. ರಾಕ್ ಗಿಟಾರ್ ನುಡಿಸುವವರು ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ಪಿಕ್ ಹಿಡಿದು ತಂತಿ ಹೊಡೆಯುತ್ತಾರೆ. ನಾಫ್ಲರ್ ಪಿಕ್ ಹಿಡಿಯದೆ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳಿನಿಂದ ಮೀಟುತ್ತಾರೆ. ಹುಟ್ಟಾ ಎಡಚರಾದರೂ ಗಿಟಾರ್ ಹಿಡಿಯುವುದು ಬಲಗೈಯವರ ಹಾಗೆ. ಪಿಕ್‌ನಲ್ಲಿ ಪ್ರತಿ ಏಟೂ ಹೆಚ್ಚುಕಡಿಮೆ ಒಂದೇ ಥರ ‘ಟಕ್’ ಅನ್ನುತ್ತದೆ. ಬೆರಳಿನ ಮಾಂಸ ಹಾಗಲ್ಲ. ತಂತಿಯನ್ನು ಕೊಂಚ ಎತ್ತಿ ಬಿಡಬಹುದು, ಸವರಿ ಬಿಡಬಹುದು, ಚಿವುಟಬಹುದು. ಒಂದು ಸಾಲಿನಲ್ಲೇ ಹತ್ತು ಥರದ ಮೆದು, ಗಡಸು ಬರುತ್ತದೆ. ವೀಣೆ ಹತ್ತಿರದಲ್ಲಿ ಕೂತು ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಇನ್ನೊಂದು ಅಭ್ಯಾಸ ಅವರದು. ಒಂದು ಸಾಲು ಹಾಡಿ ನಿಲ್ಲಿಸುತ್ತಾರೆ, ಆ ಬಿಟ್ಟ ಜಾಗದಲ್ಲಿ ಗಿಟಾರ್ ಉತ್ತರ ಕೊಡುತ್ತದೆ. ನಮ್ಮ ಕಛೇರಿಯಲ್ಲಿ ಗಾಯಕರು ಆಲಾಪನೆಯ ಒಂದು ತುಣುಕು ಹಾಡಿ ಬಿಟ್ಟಾಗ ಪಿಟೀಲು ಅದರ ಬಾಲ ಹಿಡಿದು ಮುಂದುವರಿಸುತ್ತದಲ್ಲ, ಕೇಳೋಕೆ ಹಾಗೇ ಇರುತ್ತದೆ. ಇದು ಅವರಿಗೆ ಬಂದದ್ದು ಅಮೆರಿಕದ ಬ್ಲೂಸ್ ಸಂಗೀತದಿಂದ. ಆದರೆ ನಮ್ಮ ಕಿವಿಗೆ ಮೊದಲೇ ಪರಿಚಯ ಇದೆ. ಇಂಗ್ಲಿಷ್ ಹಾಡು ಹೆಚ್ಚು ಕೇಳದ ನಮ್ಮೂರಿನವರಿಗೂ ಡೈರ್ ಸ್ಟ್ರೇಟ್ಸ್ ಬೇಗ ಹಿಡಿಸುವುದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ. 2005ರಲ್ಲಿ ನಾಫ್ಲರ್ ಬೆಂಗಳೂರಿಗೆ ಬಂದು ಅರಮನೆ ಮೈದಾನದಲ್ಲಿ ನುಡಿಸಿದರು. ಹೋಗಿದ್ದವರು ಇವತ್ತಿಗೂ ಆ ಸಂಜೆಯ ಮಾತಾಡುತ್ತಾರೆ.

ಡ್ರಮ್ಸ್ ವಿಷಯದಲ್ಲಿ ಮನಸ್ಸಿಗೆ ಸ್ವಲ್ಪ ಬೇಜಾರಾಗುವ ಕಥೆ ಇದೆ. ಬ್ಯಾಂಡಿನ ಡ್ರಮ್ಮರ್ ಟೆರ್ರಿ ವಿಲಿಯಮ್ಸ್ ನುಡಿಸಿದ್ದು ಈ ಹಾಡುಗಳಿಗೆ ಹೊಂದಲಿಲ್ಲ ಅಂತ ಅನ್ನಿಸಿ, ಜಾಝ್ ಹಿನ್ನೆಲೆಯ ಓಮರ್ ಹಕೀಮ್ ಅವರನ್ನು ಕರೆಸಿದರು. ಅವರು ಕೆಲವೇ ದಿನಗಳಲ್ಲಿ ಬಹುಪಾಲು ಭಾಗ ಮತ್ತೆ ನುಡಿಸಿ ಹೊರಟರು. ಆದರೂ ‘ಮನಿ ಫಾರ್ ನಥಿಂಗ್’ ಶುರುವಿನಲ್ಲಿ ಏರುತ್ತಾ ಏರುತ್ತಾ ಬರುವ ಆ ಡ್ರಮ್ಸ್ ಅಬ್ಬರ ವಿಲಿಯಮ್ಸ್ ಅವರದೇ. ಅದಾದ ತಕ್ಷಣ ಗಿಟಾರ್ ಒಂಟಿಯಾಗಿ ಬೀಳುತ್ತದೆ. ಆ ಒಂದು ಕ್ಷಣಕ್ಕೆ ನಾನು ಅವರಿಗೆ ಋಣಿ.

ಆ ಹಾಡಿನ ಮಾತುಗಳು ಹುಟ್ಟಿದ್ದು ನ್ಯೂಯಾರ್ಕಿನ ಗೃಹೋಪಯೋಗಿ ಸಾಮಾನಿನ ಅಂಗಡಿಯೊಂದರಲ್ಲಿ. ಗೋಡೆ ತುಂಬಾ ಟೀವಿಗಳು, ಎಲ್ಲದರಲ್ಲೂ ಎಂಟಿವಿ. ಸಾಮಾನು ಹೊರುವ ಕೆಲಸಗಾರನೊಬ್ಬ ಟೀವಿ ನೋಡುತ್ತಾ, ಈ ಹಾಡುವವರಿಗೆ ಮೈ ಮುರಿಯದೆ ದುಡ್ಡು ಬರುತ್ತದೆ ಅಂತ ಗೊಣಗುತ್ತಿದ್ದ. ನಾಫ್ಲರ್ ಪೆನ್ನು, ಕಾಗದ ಕೇಳಿ ತೆಗೆದುಕೊಂಡು, ಅಲ್ಲೇ ಪ್ರದರ್ಶನಕ್ಕಿಟ್ಟಿದ್ದ ಅಡುಗೆಮನೆಯಲ್ಲಿ ಕೂತು ಅವನ ಮಾತನ್ನು ಬರೆದುಕೊಂಡರು. ಹಳೇ ವರದಿಗಾರ ಎಚ್ಚರವಾಗಿದ್ದ. ಶುರುವಿನಲ್ಲಿ ‘ನನಗೆ ನನ್ನ ಎಂಟಿವಿ ಬೇಕು’ ಅಂತ ಹಾಡುವ ದನಿ ಸ್ಟಿಂಗ್ ಅವರದು. ಆ ಸಾಲಿನ ರಾಗ ಅವರದೇ ಪೊಲೀಸ್ ಬ್ಯಾಂಡಿನ ಹಾಡಿನ ರಾಗ, ಹಾಗಾಗಿ ಹಾಡಿನ ರಚನೆಯಲ್ಲಿ ಅವರ ಹೆಸರೂ ಇದೆ.

ಒಂದು ವಿಷಯ ಮುಚ್ಚಿಡಬಾರದು. ಈ ಹಾಡಿನಲ್ಲಿ ಆ ಕೆಲಸಗಾರನ ಬಾಯಲ್ಲಿ ಸಲಿಂಗಿಗಳನ್ನು ಹೀಯಾಳಿಸುವ ಒಂದು ಪದ ಬರುತ್ತದೆ. 2011ರಲ್ಲಿ ಕೆನಡಾದ ಪ್ರಸಾರ ಮಾನದಂಡ ಮಂಡಳಿ, ಆ ಪದ ಇರುವ ಹಾಡು ಪ್ರಸಾರಕ್ಕೆ ತಕ್ಕದ್ದಲ್ಲ ಅಂದಿತು. ತುಂಬಾ ಚರ್ಚೆಯಾಗಿ ಅದೇ ವರ್ಷ ನಿಲುವು ಸಡಿಲಿಸಿತು. ಹಾಡುವುದು ಪಾತ್ರವೇ ಹೊರತು ಬರೆದವರಲ್ಲ ಅನ್ನುವ ವಾದ ನನಗೆ ಅರ್ಥವಾಗುತ್ತದೆ. ಆದರೆ ಆ ಪದ ಮುಖಕ್ಕೆ ಹೊಡೆಸಿಕೊಂಡು ಬೆಳೆದವರಿಗೆ ಅದು ನೋಯುತ್ತದೆ ಅನ್ನೋದೂ ಅಷ್ಟೇ ನಿಜ. ಆ ಚರಣ ಇಲ್ಲದ ಚಿಕ್ಕ ಆವೃತ್ತಿಯೇ ಈಗ ನಮ್ಮ ಮನೆಯಲ್ಲಿ ನಡೆಯುವುದು.

ಒಂಬತ್ತು ಹಾಡುಗಳಲ್ಲಿ ಎಲ್ಲವೂ ಒಂದೇ ಎತ್ತರದಲ್ಲಿಲ್ಲ. ‘ಒನ್ ವರ್ಲ್ಡ್’ ನನಗೆ ಎಂದೂ ಹಿಡಿಸಿಲ್ಲ, 80ರ ದಶಕದ ಸೀಲು ಬಿದ್ದಿರುವುದು ಅದಕ್ಕೆ. ‘ವಾಕ್ ಆಫ್ ಲೈಫ್’ ಆಲ್ಬಮ್‌ನಲ್ಲಿ ಬೇಡ ಅಂತ ಡಾರ್ಫ್ಸ್‌ಮನ್ ಹಟ ಹಿಡಿದಿದ್ದರು, ಉಳಿದವರು ಒಪ್ಪಲಿಲ್ಲ. ಜನ ಅದನ್ನು ಎತ್ತಿ ಕುಣಿದಾಡಿಬಿಟ್ಟರು. ‘ಯುವರ್ ಲೇಟೆಸ್ಟ್ ಟ್ರಿಕ್’ನ ಸ್ಯಾಕ್ಸೊಫೋನ್ ಮೈಕಲ್ ಬ್ರೆಕರ್ ಅವರದು. ಹೆಸರು ಗೊತ್ತಿಲ್ಲದವರೂ ಆ ರಾಗ ಗುನುಗುತ್ತಾರೆ.

ಹೊಸ ಸ್ಪೀಕರಿಗೆ ಈ ಹಳೇ ಆಲ್ಬಮ್ ಯಾಕೆ ಹಾಕುತ್ತಾರೆ ಅನ್ನುವ ಪ್ರಶ್ನೆ ಹಾಗೇ ಉಳಿದಿದೆ. 90ರ ದಶಕದಿಂದ ಕಂಪನಿಗಳು ಒಂದು ಪೈಪೋಟಿಗೆ ಬಿದ್ದವು. ರೇಡಿಯೋದಲ್ಲಿ ನಮ್ಮ ಹಾಡು ಪಕ್ಕದವರ ಹಾಡಿಗಿಂತ ಜೋರಾಗಿ ಕೇಳಬೇಕು. ಸೂರಿಗಿಂತ ಮೇಲೆ ಹೋಗಲಾಗಲ್ಲ. ಹಾಗಾಗಿ ಮೆಲ್ಲಗಿನದ್ದನ್ನೆಲ್ಲ ಎತ್ತಿ ಸೂರಿಗೆ ಒತ್ತಿದರು. ಇದಕ್ಕೆ ಕಂಪ್ರೆಷನ್ ಅಂತಾರೆ. ಪಿಸುಮಾತೂ ಕೂಗೂ ಒಂದೇ ಎತ್ತರಕ್ಕೆ ಬಂದವು. ಮದುವೆಯ ಊಟದ ಹಾಲಿನಲ್ಲಿ ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಮಾತಾಡಿದಾಗ ಹತ್ತು ನಿಮಿಷಕ್ಕೆ ತಲೆ ಭಾರವಾಗುತ್ತದಲ್ಲ, ಹಾಗೇ ಆಯಿತು. ಡಿಜಿಟಲ್ ಅಷ್ಟು ಕಷ್ಟಪಟ್ಟು ನೆಲವನ್ನು ಕೆಳಗೆ ಇಳಿಸಿತ್ತು, ಇವರು ಎಲ್ಲರನ್ನೂ ಅಟ್ಟಕ್ಕೆ ಹತ್ತಿಸಿದರು. 1985ರ ‘ಬ್ರದರ್ಸ್ ಇನ್ ಆರ್ಮ್ಸ್’ ಸಿಡಿಯಲ್ಲಿ ಆ ಒತ್ತುವಿಕೆ ಇಲ್ಲ. ವಾಲ್ಯೂಮ್ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಬೇಕು, ಅಷ್ಟೇ. ಆಗ ಸಣ್ಣದು ಸಣ್ಣದಾಗಿ, ದೊಡ್ಡದು ದೊಡ್ಡದಾಗಿ ಕೇಳುತ್ತದೆ. ಸ್ಪೀಕರ್ ಹೇಗಿದೆ ಅಂತ ಗೊತ್ತಾಗುವುದು ಆ ಅಂತರದಲ್ಲೇ. ಈಗಿನ ಸ್ಟ್ರೀಮಿಂಗ್ ಆಪ್‌ಗಳು ಎಲ್ಲ ಹಾಡುಗಳ ಜೋರನ್ನೂ ತಾವೇ ಒಂದು ಮಟ್ಟಕ್ಕೆ ತರುತ್ತವೆ. ಹಾಗಾಗಿ ಒತ್ತಿದ ಹಾಡಿಗೆ ಲಾಭ ಇಲ್ಲ, ಒತ್ತದ ಹಾಡಿಗೆ ಉಸಿರು ಜಾಸ್ತಿ.

ಆ ಸ್ಟುಡಿಯೋ ಈಗಿಲ್ಲ. 1989ರ ಸೆಪ್ಟೆಂಬರಿನಲ್ಲಿ ಹ್ಯೂಗೋ ಚಂಡಮಾರುತ ಮಾಂಟ್‌ಸೆರಾಟ್ ದ್ವೀಪವನ್ನು ನೆಲಸಮ ಮಾಡಿತು, ಸ್ಟುಡಿಯೋ ಅಲ್ಲಿಗೇ ಮುಚ್ಚಿತು. 1995ರಲ್ಲಿ ಜ್ವಾಲಾಮುಖಿ ಎದ್ದು, ಮುಂದೆ ದ್ವೀಪದ ರಾಜಧಾನಿ ಪ್ಲಿಮತ್ ಬೂದಿಯಲ್ಲಿ ಹೂತುಹೋಯಿತು. ಸ್ಟುಡಿಯೋದ ಪಾಳುಗೋಡೆಗಳು ಇನ್ನೂ ನಿಂತಿವೆ. ಮೈಕ್ ಬಾಗಿದ್ದ ಆ ರೂಮಿನ ಗಾಳಿ ಉಳಿದಿರುವುದು ಅಂಕಿಗಳಲ್ಲಿ ಮಾತ್ರ.

ಆಲ್ಬಮ್‌ಗೆ ಹೆಸರು ಕೊಟ್ಟ ಕೊನೆಯ ಹಾಡು 1982ರ ಫಾಕ್‌ಲ್ಯಾಂಡ್ಸ್ ಯುದ್ಧದ ನೆರಳಿನಲ್ಲಿ ಬರೆದದ್ದು. ಬ್ರಿಟನ್ನಿಗೂ ಅರ್ಜೆಂಟೀನಾಕ್ಕೂ 74 ದಿನ ನಡೆದ ಯುದ್ಧ. ಹಾಡುವವನು ರಣರಂಗದಲ್ಲಿ ಸಾಯುತ್ತಿರುವ ಸೈನಿಕ, ಜೊತೆಗಾರರಿಗೆ ಮಾತು ಹೇಳುತ್ತಿದ್ದಾನೆ. 2007ರಲ್ಲಿ ಯುದ್ಧಕ್ಕೆ 25 ವರ್ಷವಾದಾಗ, ಅದರಲ್ಲಿ ಮನಸ್ಸು ಜರ್ಜರಿತವಾದ ಸೈನಿಕರಿಗೆ ನೆರವಾಗಲು ಈ ಹಾಡನ್ನು ಮತ್ತೆ ಬಿಡುಗಡೆ ಮಾಡಿದರು.

ಇದರ ಗಿಟಾರನ್ನು ಗಮನ ಕೊಟ್ಟು ಕೇಳಿ. ಮೀಟಿದ ಏಟು ಕೇಳುವುದೇ ಇಲ್ಲ. ಕಾಲ ಕೆಳಗಿನ ವಾಲ್ಯೂಮ್ ಪೆಡಲನ್ನು ಪೂರ್ತಿ ಇಳಿಸಿಟ್ಟು ತಂತಿ ಮೀಟುತ್ತಾರೆ, ಆಮೇಲೆ ಮೆಲ್ಲಗೆ ಪೆಡಲ್ ಏರಿಸುತ್ತಾರೆ. ಸ್ವರ ಎಲ್ಲಿಂದಲೋ ಮಂಜಿನೊಳಗಿಂದ ಬಂದ ಹಾಗೆ ಬೆಳೆಯುತ್ತದೆ. ಮೀಟುವ ವಾದ್ಯ ಪಿಟೀಲಿನ ಹಾಗೆ ಉಸಿರೆಳೆಯುತ್ತದೆ. ಈ ಉಪಾಯ ನಡೆಯಬೇಕಾದರೆ ಸ್ವರ ಹುಟ್ಟುವ ಜಾಗದಲ್ಲಿ ಪೂರ್ತಿ ನಿಶ್ಶಬ್ದ ಬೇಕು. ಕೆಳಗೆ ಹಿಸ್ ಇದ್ದರೆ ಮಂಜು ಕಾಣಲ್ಲ, ಬರೀ ಧೂಳು ಕಾಣುತ್ತದೆ.

ಮಾತು ಮುಗಿದ ಮೇಲೂ ಗಿಟಾರ್ ನಿಲ್ಲಲ್ಲ. ದೂರ ದೂರ ಹೋಗುತ್ತಾ ಸಣ್ಣಗಾಗುತ್ತದೆ. ಹಾಸ್ಟೆಲ್ಲಿನಲ್ಲಿ ಇದು ಯಾವಾಗ ಮುಗಿಯುತ್ತಿತ್ತು ಅಂತ ನನಗೆ ಇವತ್ತಿಗೂ ನೆನಪಿದೆ. ಗಿಟಾರ್ ಹಿಸ್‌ನೊಳಗೆ ಇಳಿದುಹೋದ ತಕ್ಷಣ ಸೀನಿಯರ್ ಸ್ಟಾಪ್ ಬಟನ್ ಒತ್ತುತ್ತಿದ್ದರು. ಸಿಡಿಯಲ್ಲಿ ಮೊದಲ ಸಲ ಕೇಳಿದ ದಿನ ಅದೇ ಜಾಗ ಬಂತು. ನನ್ನ ಕೈ ತಾನಾಗೇ ಬಟನ್ ಕಡೆ ಹೋಯಿತು. ಗಿಟಾರ್ ಇನ್ನೂ ನುಡಿಯುತ್ತಿತ್ತು.